ಒಸರು ನಿಂತ ಏರಿ

ಕೆರೆಯ ಏರಿಗೂ ಹಸಿವಾಗುತ್ತದೆ, ಅದಕ್ಕೂ ಊಟ ಹಾಕಬೇಕು ಎಂದು ಡಾಕ್ಟರ್ ನೀಲಾಂಬಿಕೆ ಮೊದಲ ಸಲ ಹೇಳಿದಾಗ ತೋಟದಹಟ್ಟಿಯ ಜನ ನಕ್ಕುಬಿಟ್ಟಿದ್ದರು. ನಗದೆ ಕುಳಿತಿದ್ದವಳು ಹನುಮಕ್ಕ ಒಬ್ಬಳೇ. ಆ ಏರಿ ಒಡೆದ ದಿನ ಅವಳು ತಂಗಿಯನ್ನು ಕಳೆದುಕೊಂಡಿದ್ದಳು. ಊಟ ಹಾಕಿದರೆ ಅದು ಇನ್ನೊಮ್ಮೆ ಒಡೆಯುವುದಿಲ್ಲ ಎಂದಾದರೆ ಮೂರು ಹೊತ್ತೂ ಹಾಕಲು ಅವಳು ತಯಾರಿದ್ದಳು.

ಮಳೆಯ ನಡತೆ ಕೆಟ್ಟು ಆಗಲೇ ಬಹಳ ಕಾಲವಾಗಿತ್ತು. ತಿಂಗಳುಗಟ್ಟಲೆ ಮುಖ ತೋರಿಸದ ಮೋಡ ಒಂದೇ ಮಧ್ಯಾಹ್ನದಲ್ಲಿ ವರ್ಷದ ಮಳೆಯನ್ನೆಲ್ಲ ಸುರಿದು ಹೋಗುತ್ತಿತ್ತು. ಅಂಥ ಮಳೆಯನ್ನು ಬಿದ್ದಲ್ಲೇ ಹಿಡಿಯಬೇಕು, ದೂರದ ದೊಡ್ಡ ಅಣೆಕಟ್ಟುಗಳನ್ನು ನಂಬಿ ಕೂತರೆ ಆಗದು ಎಂದು ನಾಡಿಗೆ ಬುದ್ಧಿ ಬರುವ ಹೊತ್ತಿಗೆ ಸಣ್ಣ ಕೆರೆಗಳ ಮಣ್ಣಿನ ಏರಿಗಳು ಮುದಿಯಾಗಿದ್ದವು. ಸಿರಿಗೊಂಡನಹಳ್ಳಿಯ ಕೆರೆಯೂ ಅಂಥದ್ದೇ. ಎರಡು ಗುಡ್ಡಗಳ ನಡುವೆ ಯಾರೋ ಹಿರಿಯರು ಮಣ್ಣು ಹೊತ್ತು ಹಾಕಿದ ಏರಿ. ತೂಬಿನಿಂದ ಹೊರಟ ಕಾಲುವೆ ಗುಡ್ಡದ ಮಗ್ಗುಲು ಹಿಡಿದು ಊರಿನ ಗದ್ದೆಗಳಿಗೆ ಹೋಗುತ್ತಿತ್ತು. ಏರಿಯ ಹಿಂಬದಿಗೆ, ಕೆಳಗಿನ ತಗ್ಗಿನಲ್ಲಿದ್ದ ತೋಟದಹಟ್ಟಿಗೆ ಕಾಲುವೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅಲ್ಲಿ ನೆಲ ಸದಾ ತೇವ. ಬಗ್ಗಿ ಬಿಂದಿಗೆ ಅದ್ದಿದರೆ ತುಂಬುವಂಥ ಬಾವಿಗಳು. ಆ ತೇವದಲ್ಲಿ ಅಗಸೆ ಗಿಡಗಳಿಗೆ ವೀಳ್ಯದ ಬಳ್ಳಿ ಹಬ್ಬಿಸಿ, ಎಲೆ ಕೊಯ್ದು, ಕಟ್ಟು ಕಟ್ಟಿ ಸಂತೆಗೆ ಕಳಿಸಿ ಬದುಕುತ್ತಿದ್ದವರು ಹಟ್ಟಿಯ ಜನ.

ಏರಿ ಒಡೆದದ್ದು ಒಂದು ದಿನ ಸಂಜೆಯ ಹೊತ್ತಿಗೆ. ಹನುಮಕ್ಕನ ತಂಗಿ ಈರಕ್ಕ ಅದೇ ಮನೆಗೆ ಸೊಸೆಯಾಗಿ ಬಂದವಳು, ಹನುಮಕ್ಕನ ಮೈದುನನ ಹೆಂಡತಿ. ಮಳೆ ನಿಂತಿತಲ್ಲ ಎಂದು ಕೊಯ್ದಿಟ್ಟ ಎಲೆಯ ಬುಟ್ಟಿ ತರಲು ತೋಟಕ್ಕೆ ಹೋಗಿದ್ದಳು. ಏರಿಯ ನಡುವೆ ಒಂದು ಕಡೆ ಕೆಂಪು ನೀರು ಬುಗ್ಗೆಯಂತೆ ಎದ್ದದ್ದನ್ನು ಕಂಡವರು ಕೂಗಿದರು. ಕೂಗು ಅವಳಿಗೆ ಮುಟ್ಟುವ ಮೊದಲು ನೀರು ಮುಟ್ಟಿತು. ತೋಟದ ಮೂಲೆಯ ಹೊಂಗೆ ಮರದ ಕೆಳಗೆ ಅವಳನ್ನು ಮಣ್ಣು ಮಾಡಿದರು. ಮೈದುನ ಆ ನೆಲ ತುಳಿಯಲಾರೆ ಎಂದು ಊರು ಬಿಟ್ಟ.

ಒಡೆದ ಜಾಗಕ್ಕೆ ಮಣ್ಣು ಸುರಿದು ಮುಚ್ಚಿದರೂ ಹೊಸ ಮಣ್ಣು ಹಳೆ ಮಣ್ಣಿನೊಂದಿಗೆ ಕೂಡಿಕೊಳ್ಳಲಿಲ್ಲ. ಆಗ ಬಂದವಳು ನೀಲಾಂಬಿಕೆ. ಬೈಲಹೊಂಗಲದ ಕಡೆಯ ಹೆಂಗಸು, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳನ್ನು ಓದಿಕೊಂಡವಳು. ಮಣ್ಣಿನ ಕಣದ ನಡುವೆ ಸುಣ್ಣಕಲ್ಲು ಕಟ್ಟುವ ಜೀವಿಗಳು ನೆಲದಲ್ಲಿ ಮೊದಲಿನಿಂದಲೂ ಇವೆ, ಆದರೆ ಬಲು ನಿಧಾನ. ಅವಳ ಪ್ರಯೋಗಾಲಯದಲ್ಲಿ ಬೆಳೆಸಿದ ತಳಿ ಅದೇ ಕೆಲಸವನ್ನು ಒಂದು ಮಳೆಗಾಲದೊಳಗೆ ಮಾಡುತ್ತಿತ್ತು. ಏರಿಯನ್ನು ಕೀಳದೆ, ಕೆಡವದೆ, ಅದರ ಹೊಟ್ಟೆಯೊಳಗೇ ಒಂದು ಕಲ್ಲಿನ ಗೋಡೆ. ಬೇಕಾದದ್ದು ಯೂರಿಯಾ, ಸುಣ್ಣದ ತಿಳಿ, ಒಂದಿಷ್ಟು ಕಬ್ಬಿನ ಕಾಕಂಬಿ. ಇವನ್ನು ಕಲಸಿ ಏರಿಯ ಮೇಲೆ ಉದ್ದಕ್ಕೂ ಇಳಿಸಿದ್ದ ಕೊಳವೆಗಳಿಗೆ ಬಿಡಬೇಕು. ಹಟ್ಟಿಯವರು ಅದನ್ನು ಗಂಜಿ ಎಂದರು, ಜೀವಿಯನ್ನು ಹುಳ ಎಂದರು. ಏರಿಗೆ ಹತ್ತಿರದ ಮನೆ ಹನುಮಕ್ಕನದೇ ಆದ್ದರಿಂದ ಗಂಜಿ ಕಲಸಿ ಪಂಪು ತಿರುಗಿಸುವ ಕೆಲಸ ಅವಳಿಗೆ ಬಂತು.

ಏರಿಯ ತುದಿಯಲ್ಲಿ ತಗಡಿನ ಶೆಡ್ಡು. ಒಳಗೆ ಕಾಕಂಬಿಯ ಪೀಪಾಯಿಗಳು, ಪಂಪು, ಒಂದು ಸೂಕ್ಷ್ಮದರ್ಶಕ, ಗೋಡೆಗೆ ದೊಡ್ಡ ಪರದೆ. ಏರಿಯಲ್ಲಿ ಹುಗಿದಿಟ್ಟ ತಂತಿಗಳು ತಿಳಿಸಿದ್ದನ್ನೆಲ್ಲ ಆ ಪರದೆ ಚಿತ್ರ ಮಾಡಿ ತೋರಿಸುತ್ತಿತ್ತು: ನೀರು ನೀಲಿ, ಮಣ್ಣು ಕಂದು, ಕಲ್ಲಾದದ್ದು ಬಿಳಿ. ಮೊದಮೊದಲು ಕಂದಿನ ತುಂಬ ನೀಲಿಯ ಎಳೆಗಳು, ಅಲ್ಲೊಂದು ಇಲ್ಲೊಂದು ಬಿಳಿಯ ಚುಕ್ಕೆ. ನೀಲಾಂಬಿಕೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು:

"ಏರಿಯೊಳಗ ಈಗ ಜೀವ ಐತಿ, ಹನುಮಕ್ಕ. ಹಸಿವೂ ಐತಿ. ಗಂಜಿ ಇರೋತನಕ ಕಟ್ಟತಾವ. ಗಂಜಿ ನಿಂತ್ರ ಸಾಯ್ತಾವ."

ಹನುಮಕ್ಕ ಸಾಯಲು ಬಿಡಲಿಲ್ಲ. ಬೆಳಗ್ಗೆ ಎದ್ದು ಮನೆಯ ಒಲೆ ಹೊತ್ತಿಸುವ ಮುಂಚೆ ಶೆಡ್ಡಿಗೆ ಹೋಗುತ್ತಿದ್ದಳು. ಜ್ವರ ಬಂದಾಗಲೂ ಸೆರಗು ಬಿಗಿದುಕೊಂಡು ಹೋದಳು. ಬಿಳಿಯ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಗೆರೆಯಾಗಿ, ಗೆರೆ ದಪ್ಪವಾಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಗಂಡ ಚಿತ್ತಯ್ಯ, ನೀನು ತೋಟಕ್ಕೂ ಹಿಂಗೆ ದುಡಿದಿಲ್ಲ ಕಣೆ ಎಂದು ತಮಾಷೆ ಮಾಡುತ್ತಿದ್ದ.

ಮುಂದಿನ ಮಳೆಗಾಲದಲ್ಲಿ ಮತ್ತೆ ಅಂಥದ್ದೇ ಒಂದು ಮಧ್ಯಾಹ್ನ ಬಂತು. ಸುತ್ತಲಿನ ಊರುಗಳಲ್ಲಿ ಕೆರೆಗಳು ಕಿತ್ತುಕೊಂಡು ಹೋದ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ಸಿರಿಗೊಂಡನಹಳ್ಳಿಯ ಕೆರೆ ತುಂಬಿ ಕೋಡಿ ಹರಿಯಿತು, ಏರಿ ಮಾತ್ರ ಅಲುಗಲಿಲ್ಲ. ಪರದೆಯ ಮೇಲೆ ನೀಲಿ ಬಂದು ಬಿಳಿಗೆ ತಾಗಿ ಅಲ್ಲೇ ನಿಂತುಬಿಡುತ್ತಿತ್ತು. ಹನುಮಕ್ಕ ಶೆಡ್ಡಿನ ಬಾಗಿಲಿಗೆ ಒರಗಿ ನಿಂತು, ಹಿಂದೆ ಏರಿ ಒಡೆದ ಹೊತ್ತು ದಾಟುವವರೆಗೂ ಕದಲಲಿಲ್ಲ. ಆಮೇಲೆ ಕುಸಿದು ಕುಳಿತು ಅತ್ತಳು. ನೀಲಾಂಬಿಕೆ ಅವಳ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತಳು.

ಆ ಬೇಸಿಗೆಯಲ್ಲಿ ಕೆರೆ ಬತ್ತಲಿಲ್ಲ. ಹಿಂದೆ ಶಿವರಾತ್ರಿಯ ಹೊತ್ತಿಗೆ ತಳ ಕಾಣುತ್ತಿದ್ದ ಕೆರೆ ಯುಗಾದಿ ಕಳೆದರೂ ಕಣ್ಣು ತುಂಬುವಂತಿತ್ತು. ಊರಿನವರು ಎರಡನೆಯ ಬೆಳೆಗೆ ಭತ್ತ ನಾಟಿ ಮಾಡಿದರು. ಕೆರೆ ಮಂಡಳಿಯ ಅಧ್ಯಕ್ಷ ಶಾಂತವೀರಪ್ಪ ಹಟ್ಟಿಗೆ ತಾನೇ ಬಂದು ಹನುಮಕ್ಕನಿಗೆ ಸೀರೆ ಕೊಟ್ಟು ಹೋದ. ಏರಿಯ ಹಿಂದೆ ಸದಾ ಕಾಲು ಹೂಳುತ್ತಿದ್ದ ಜೌಗು ಒಣಗಿ, ಜನ ಚಪ್ಪಲಿ ಹಾಕಿಕೊಂಡೇ ಓಡಾಡುವಂತಾಯಿತು. ಅದನ್ನೂ ಎಲ್ಲರೂ ಒಳ್ಳೆಯದೆಂದೇ ಎಣಿಸಿದರು.

ಮೊದಲು ಗೊಣಗಿದವಳು ಮನೆಯ ಮುದುಕಿ, ಚಿತ್ತಯ್ಯನ ತಾಯಿ ಕೆಂಚಮ್ಮ. ಕಣ್ಣು ಮಂಜಾಗಿ ಜಗುಲಿ ಹಿಡಿದಿದ್ದ ಅವಳಿಗೆ ದಿನವಿಡೀ ಎಲೆಅಡಿಕೆಯೇ ಜೊತೆ. ಎಲೆಗೆ ಖಾರ ಬಂದಿದೆ, ನಾರು ನಾರಾಗಿದೆ, ಇದು ನಮ್ಮ ತೋಟದ್ದಲ್ಲ ಎಂದು ಉಗಿದಳು. ನಮ್ಮದೇ ಕಣವ್ವ ಎಂದರೆ ಒಪ್ಪಲಿಲ್ಲ. ಮುದುಕಿಯ ಬಾಯಿ ಕೆಟ್ಟಿದೆ ಎಂದುಕೊಂಡರು. ಆದರೆ ಬಳ್ಳಿಯ ತುದಿಯ ಎಲೆಗಳು ಅಂಗೈಯಗಲಕ್ಕೆ ಬರದೆ ಅಲ್ಲೇ ಹಳದಿಯಾಗತೊಡಗಿದವು. ಬಗ್ಗಿ ಅದ್ದುತ್ತಿದ್ದ ಬಾವಿಗೆ ಹಗ್ಗ ಬೇಕಾಯಿತು. ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯಿತು. ಚಿತ್ತಯ್ಯ ಬಾವಿಗಿಳಿದು ತಳ ಕೆದಕಿದ, ನೀರು ಅಷ್ಟಿಷ್ಟು ಬಂದು ಮತ್ತೆ ಇಳಿಯಿತು. ತುಂಬಿದ ಕೆರೆಯ ಬೆನ್ನಿಗೇ ಬಾವಿ ಬತ್ತುವುದು ಏನು ಎಂದು ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನುಮಕ್ಕನ ಎದುರಿಗೆ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು.

ನೀಲಾಂಬಿಕೆ ಹಟ್ಟಿಯ ಬಾವಿಗಳಿಗೆಲ್ಲ ಅಳತೆಯ ತಂತಿ ಇಳಿಸಿದಳು, ನೆಲ ಕೊರೆದು ಮಣ್ಣು ತೆಗೆದಳು. ಹಲವು ದಿನ ಶೆಡ್ಡು ಬಿಟ್ಟು ಹೊರಗೆ ಬರಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಗಂಡಹೆಂಡಿರಿಬ್ಬರನ್ನೂ ಕರೆಸಿ ಪರದೆಯ ಮುಂದೆ ಕೂರಿಸಿದಳು.

"ಏರಿಯಿಂದ ಒಸರೋ ನೀರನ್ನ ನಾವು ನಷ್ಟ ಅಂತ ಹಿಡಿದಿದ್ವಿ," ಎಂದಳು. "ಆ ನಷ್ಟದಾಗ ನಿಮ್ಮ ಹಟ್ಟಿ ಬದುಕಿತ್ತು. ಅದನ್ನ ನಾ ನೋಡಲಿಲ್ಲ."

ಅಷ್ಟೇ ಆಗಿದ್ದರೆ ಕೆರೆಯಿಂದ ಒಂದು ಪೈಪು ಎಳೆದು ತೋಟಕ್ಕೆ ನೀರು ಬಿಡಬಹುದಿತ್ತು. ಆದರೆ ಅವಳು ಚಿತ್ರವನ್ನು ಪಕ್ಕಕ್ಕೆ ಸರಿಸಿ ತೋರಿಸಿದಾಗ ಹನುಮಕ್ಕ ಪರದೆಯತ್ತ ಬಾಗಿ ನೋಡಿದಳು. ಬಿಳಿ ಏರಿಯೊಳಗೇ ನಿಂತಿರಲಿಲ್ಲ. ಗೋಡೆ ಪೂರ್ತಿಯಾಗುವ ಮುಂಚೆ ಒಸರಿದ ನೀರಿನ ಜೊತೆ ಹುಳವೂ ಹೊರಗೆ ಬಂದಿತ್ತು. ಈಗಲೂ ಗಂಜಿ ಗೋಡೆಯ ಅಡಿಯಿಂದ ಸಣ್ಣಗೆ ಜಿನುಗಿ ಅದನ್ನು ಸಾಕುತ್ತಿತ್ತು. ಬಿಳಿಯ ಬೆರಳುಗಳು ಹಟ್ಟಿಯ ತೋಟಗಳ ಕಡೆ ಚಾಚಿಕೊಂಡಿದ್ದವು. ಎಲ್ಲಕ್ಕಿಂತ ದಪ್ಪ ಬೆರಳು ಅವರದೇ ತೋಟದ ಅಡಿಯಲ್ಲಿತ್ತು. ಅಲ್ಲಿಗೆ ಮೇಲಿಂದ ನೀರು ಹೊಯ್ದರೂ ನೆಲ ಕುಡಿಯುವುದಿಲ್ಲ.

ಗಂಜಿ ನಿಲ್ಲಿಸಿದರೆ ಹುಳ ಸಾಯುತ್ತದೆ, ಬಿಳಿ ಬೆಳೆಯುವುದಿಲ್ಲ. ಆದರೆ ಉಣಿಸುವವರಿಲ್ಲದೆ ಗೋಡೆ ಎಷ್ಟು ಕಾಲ ಬಿರುಕು ಬಿಡದೆ ನಿಂತೀತು ಎಂದು ಅವಳು ಹೇಳಲಾರಳು. ಬುಡದಲ್ಲಿ ಸಾಲಾಗಿ ಸಣ್ಣ ರಂಧ್ರ ಕೊರೆದು, ಮರಳು ಜಲ್ಲಿ ತುಂಬಿದ ಕೊಳವೆ ಇಟ್ಟರೆ ಒಸರು ಮತ್ತೆ ಬರುತ್ತದೆ, ಗೋಡೆಯ ಮೇಲಿನ ಒತ್ತಡವೂ ಇಳಿಯುತ್ತದೆ. ಕೊರೆಯುವಾಗ ಒಳಗಿನ ಮಣ್ಣು ಕಿತ್ತು ಬರಲಾರದು ಎಂದು ಮಾತ್ರ ಯಾರೂ ಮಾತು ಕೊಡುವಂತಿಲ್ಲ.

ಚಿತ್ತಯ್ಯ ಕೂಡಲೇ ಕೊರೀರಿ ಎಂದ. ಹನುಮಕ್ಕ ಎದ್ದು ನಿಂತಳು.

"ಏರಿಗೆ ತೂತು ಹಾಕೋಕೆ ನಾನು ಬಿಡಲ್ಲ. ಗಂಜಿನೂ ನಿಲ್ಸಲ್ಲ," ಎಂದಳು. "ತೋಟ ಹೋದ್ರೆ ಹೋಗ್ಲಿ."

ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ಚಿತ್ತಯ್ಯ ಬೆಳಗ್ಗೆ ತೋಟಕ್ಕೆ ಹೋಗಿ ಒಣಗಿದ ಬಳ್ಳಿಯ ಕೆಳಗೆ ಕೂತಿದ್ದು ಬರುತ್ತಿದ್ದ. ಹನುಮಕ್ಕ ಬೆಳಗ್ಗೆ ಶೆಡ್ಡಿಗೆ ಹೋಗಿ ಗಂಜಿ ಕಲಸುತ್ತಿದ್ದಳು. ಒಂದೇ ತಟ್ಟೆಯ ಮುದ್ದೆಯನ್ನು ಹಂಚಿ ಉಂಡವರು ಈಗ ಒಬ್ಬರು ಉಂಡ ಮೇಲೆ ಇನ್ನೊಬ್ಬರು ಉಣ್ಣುವಂತಾಯಿತು. ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಪಂಪು ತಿರುಗಿಸುವಾಗ ಕೈ ತಡೆಯುತ್ತಿತ್ತು. ಕಣ್ಣು ಮುಚ್ಚಿದರೆ ಆ ಕೆಂಪು ನೀರು ಕಾಣುತ್ತಿತ್ತು, ಕೈ ತಾನಾಗಿ ತಿರುಗುತ್ತಿತ್ತು. ನೀಲಾಂಬಿಕೆ ತಡೆಯಲಿಲ್ಲ. ಒಮ್ಮೆ ಕೇಳದೆ ತಪ್ಪು ಮಾಡಿದ್ದೇನೆ, ಇನ್ನೊಮ್ಮೆ ಕೇಳದೆ ಮಾಡಲಾರೆ ಎಂದಷ್ಟೇ ಹೇಳಿದಳು. ಹಟ್ಟಿಯಲ್ಲಿ ಕೆಲವರು ಪಾತ್ರೆಪಗಡಿ ಕಟ್ಟಿಕೊಂಡು ನೆಂಟರ ಊರಿಗೆ ಹೊರಟರು. ಹೋಗುವಾಗ ಹನುಮಕ್ಕನಿಗೆ ಹೇಳಿ ಹೋಗಲಿಲ್ಲ.

ಆಷಾಢದ ಮೊದಲಲ್ಲಿ ಕೆಂಚಮ್ಮ ಸತ್ತಳು. ಊಟ ಬಿಟ್ಟು ಕೆಲವು ದಿನವಾಗಿತ್ತು, ನೆಮ್ಮದಿಯ ಸಾವೇ. ಸಾಯುವ ಮುಂಚೆ ಮಗನ ಕೈ ಹಿಡಿದು, ನನ್ನನ್ನು ಈರಕ್ಕನ ಪಕ್ಕದಲ್ಲೇ ಮಣ್ಣು ಮಾಡಿ ಎಂದು ಕೇಳಿಕೊಂಡಿದ್ದಳು. ಕಿರಿಸೊಸೆಯನ್ನು ಕಂಡರೆ ಅವಳಿಗೆ ಬಲು ಪ್ರೀತಿ ಇತ್ತು.

ಬೆಳಗ್ಗೆ ಹೆಣವನ್ನು ಜಗುಲಿಯ ಮೇಲೆ ಕೂರಿಸಿ, ಹೂ ಹಾಕಿ, ಗಂಡಸರು ಗುದ್ದಲಿ ಹಾರೆ ಹಿಡಿದು ಹೊಂಗೆ ಮರದ ಕೆಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಹೆಂಗಸರ ನಡುವೆ ಕುಳಿತಿದ್ದ ಹನುಮಕ್ಕನಿಗೆ ತೋಟದ ಕಡೆಯಿಂದ ಸದ್ದು ಕೇಳತೊಡಗಿತು. ಮಣ್ಣಿಗೆ ಗುದ್ದಲಿ ಬಿದ್ದ ಸದ್ದಲ್ಲ. ಬಂಡೆ ಒಡೆಯುವವರು ಹಾರೆ ಹಾಕಿದಂತೆ, ಖಣ್ ಖಣ್ ಎಂಬ ಸದ್ದು. ಅವಳು ಎದ್ದು ಹೋದಳು.

ಈರಕ್ಕನ ಸಮಾಧಿಯ ಪಕ್ಕದಲ್ಲಿ ಬೆವರಿಳಿಸಿಕೊಂಡು ನಿಂತಿದ್ದರು. ಮೇಲಿನ ಗೇಣು ಮಣ್ಣು ಸರಿದು ಕೆಳಗೆ ಬೂದುಬಿಳಿ ನೆಲ ಕಾಣುತ್ತಿತ್ತು. ಅದರ ಮೇಲೆ ಹಾರೆಯ ಗೀರುಗಳು, ಅಷ್ಟೇ. ಚಿತ್ತಯ್ಯ ಮಾತ್ರ ಇನ್ನೂ ಹೊಡೆಯುತ್ತಲೇ ಇದ್ದ. ಹೊಡೆದಾಗಲೆಲ್ಲ ಕಿಡಿ ಹಾರುತ್ತಿತ್ತು. ಯಾರೋ ಹಿಂದಿನಿಂದ ಅವನ ತೋಳು ಹಿಡಿದು ಸಾಕು ಮಾಡಪ್ಪ ಎಂದರು. ಅವನು ಹಾರೆಯನ್ನು ಕೆಳಗೆ ಹಾಕಿ, ಹೆಂಡತಿಯನ್ನು ನೋಡಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ನಮ್ಮವ್ವನ್ನ ಮಡಗೋಕೆ ಜಾಗ ಕೊಡ್ತಿಲ್ಲ ಕಣೆ ಈ ನೆಲ."

ಹೆಣವನ್ನು ಗುಡ್ಡದ ಮಗ್ಗುಲಿಗೆ, ಯಾರದೋ ಹೊಲದ ಬದುವಿಗೆ ಹೊತ್ತುಕೊಂಡು ಹೋದರು. ಅಲ್ಲಿ ಮಣ್ಣು ಮೆತ್ತಗಿತ್ತು. ಎಲ್ಲ ಮುಗಿದ ಮೇಲೆ ಹನುಮಕ್ಕ ಸ್ನಾನ ಮಾಡಿ, ಒದ್ದೆ ಕೂದಲು ಹಾಗೇ ಬಿಟ್ಟುಕೊಂಡು ಶೆಡ್ಡಿಗೆ ನಡೆದಳು. ನೀಲಾಂಬಿಕೆ ಪರದೆಯ ಮುಂದೆ ಕುಳಿತಿದ್ದಳು. ಹನುಮಕ್ಕ ಅವಳನ್ನು ದಾಟಿ ಹೋಗಿ ಪಂಪು ನಿಲ್ಲಿಸಿದಳು. ಕಾಕಂಬಿಯ ಪೀಪಾಯಿಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿದಳು. ನೀಲಾಂಬಿಕೆ ಎದ್ದು ಬಂದು ಕೊನೆಯದಕ್ಕೆ ಕೈ ಕೊಟ್ಟಳು.

ಕೆರೆ ಮಂಡಳಿಯ ಸಭೆ ಏರಿಯ ಮೇಲೆಯೇ ನಡೆಯಿತು. ಕೊರೆಯಬೇಕಾದರೆ ಮೊದಲು ಕೆರೆಯ ನೀರನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಕು ಎಂದು ನೀಲಾಂಬಿಕೆ ಹೇಳಿದಾಗ ಊರಿನವರಿಗೆ ಸಿಡಿಲು ಹೊಡೆದಂತಾಯಿತು. ಈ ಮಳೆಗಾಲ ಇನ್ನೂ ಒಂದು ಹನಿ ಹಾಕಿರಲಿಲ್ಲ, ಗದ್ದೆಯಲ್ಲಿ ಭತ್ತ ತೆನೆ ಬಿಡಲು ಹೊಡೆ ಕಟ್ಟುತ್ತಿತ್ತು. ಶಾಂತವೀರಪ್ಪ ಕೆಟ್ಟವನಲ್ಲ. ಹಟ್ಟಿಯವರಿಗೆ ಊರ ಪಕ್ಕದಲ್ಲೇ ಒಳ್ಳೆಯ ಜಾಗ ಕೊಡೋಣ, ಮನೆ ಕಟ್ಟಿಸಿಕೊಡೋಣ, ಒಂದು ಹಟ್ಟಿಗಾಗಿ ಇಡೀ ಊರಿನ ಅನ್ನ ಹೊರಗೆ ಬಿಡುವುದು ಹೇಗೆ ಎಂದು ಸಮಾಧಾನವಾಗಿಯೇ ಕೇಳಿದ. ಬಿಳಿ ಇಂದು ಹಟ್ಟಿಯ ಅಡಿಗೆ ಬಂದಿದೆ, ಉಣಿಸುತ್ತ ಹೋದರೆ ನಾಳೆ ಊರ ಗದ್ದೆಯ ಅಡಿಗೂ ಬಂದೀತು ಎಂದಳು ನೀಲಾಂಬಿಕೆ. ಬಂದೀತು ಎನ್ನುತ್ತೀರಿ, ಬರುತ್ತದೆ ಎನ್ನುವುದಿಲ್ಲವಲ್ಲ ಎಂದು ಒಬ್ಬ ಕೇಳಿದ. ಅವಳು ಖಾತ್ರಿ ಇಲ್ಲ ಎಂದು ಒಪ್ಪಿಕೊಂಡಳು.

ಹೆಂಗಸರ ಸಾಲಿನಿಂದ ಹನುಮಕ್ಕ ಎದ್ದಳು.

"ನನ್ನ ತಂಗಿನ ತಗಂಡ ಏರಿ ಇದು. ನಾನೇ ಕೈಯಾರೆ ಉಣ್ಸಿ ಗಟ್ಟಿ ಮಾಡ್ದೆ. ಈಗ ಕೊರೀರಿ ಅಂತ ನಾನೇ ಕೇಳ್ತಾ ಇದೀನಿ. ಕೊರೆಯೋವಾಗ ಏರಿ ಕೆಳಗೆ ನಾನು ಕೂತಿರ್ತೀನಿ."

ಶಾಂತವೀರಪ್ಪ ಎದ್ದು ಏರಿಯ ಅಂಚಿಗೆ ಹೋಗಿ ಕೆರೆಯನ್ನು ನೋಡಿದ. ಆಮೇಲೆ, ನೀರು ಎಲ್ಲಿಯವರೆಗೆ ಇಳಿಯಬೇಕು ಎಂದು ನೀಲಾಂಬಿಕೆಯನ್ನು ಕೇಳಿದ.

ತೂಬು ಎತ್ತಿದರು. ನೀರು ಗದ್ದೆಗಳನ್ನು ದಾಟಿ, ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಯಿತು. ಮಳೆ ಬಾರದೆಯೇ ನೀರು ಬಂತೆಂದು ಆ ಊರಿನವರು ಬೆರಗಾಗಿ ನೋಡಿದರಂತೆ. ಸಿರಿಗೊಂಡನಹಳ್ಳಿಯಲ್ಲಿ ಆಮೇಲೆ ನೀರು ಸಾಲದೆ ಅರ್ಧದಷ್ಟು ಭತ್ತ ಹೊಡೆಯಲ್ಲೇ ಜೊಳ್ಳಾಯಿತು. ಕೆಲವರು ಹನುಮಕ್ಕನನ್ನು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿದರು.

ಕೊರೆಯುವ ದಿನ ಹಟ್ಟಿಯವರನ್ನೆಲ್ಲ ಗುಡ್ಡದ ಮೇಲಕ್ಕೆ ಕಳಿಸಿದ್ದರು. ಹನುಮಕ್ಕ ಆಡಿದ ಮಾತಿನಂತೆ ಏರಿಯ ಬುಡದಿಂದ ಸ್ವಲ್ಪ ದೂರ, ಒಂದು ಕಲ್ಲಿನ ಮೇಲೆ ಕುಳಿತಳು. ಬೇಡ ಎಂದು ನೀಲಾಂಬಿಕೆ ಎರಡು ಸಲ ಹೇಳಿ ಸುಮ್ಮನಾದಳು. ಚಿತ್ತಯ್ಯ ಗುಡ್ಡದಿಂದ ಇಳಿದು ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತ.

ಯಂತ್ರ ಮೊದಲು ಒಣ ಮಣ್ಣು ಉಗುಳಿತು. ಆಮೇಲೆ ಬಿಳಿಯ ಹಿಟ್ಟು, ಬಹಳ ಹೊತ್ತು ಬರೀ ಬಿಳಿಯ ಹಿಟ್ಟು. ನಂತರ ಹಿಟ್ಟು ಒದ್ದೆಯಾಯಿತು, ಯಂತ್ರದ ದನಿ ಬದಲಾಯಿತು. ನೀಲಾಂಬಿಕೆ ಕೊರಕನ್ನು ಹಿಂದಕ್ಕೆಳೆದು ಮೊದಲ ರಂಧ್ರಕ್ಕೆ ಕೊಳವೆ ತೂರಿಸಿದಳು. ಕೊಳವೆಯ ಬಾಯಿಂದ ನೀರು ಬಂತು. ಕೆಂಪಗಿತ್ತು.

ಕೆಂಪು ಎಂದರೆ ಒಳಗಿನಿಂದ ಮಣ್ಣು ಕಿತ್ತು ಬರುತ್ತಿದೆ ಎಂದರ್ಥ. ಮರಳು ಜಲ್ಲಿ ತಮ್ಮ ಜಾಗದಲ್ಲಿ ಕೂತುಕೊಂಡರೆ ನೀರು ತಿಳಿಯಾಗಬೇಕು. ತಿಳಿಯಾಗದಿದ್ದರೆ ರಂಧ್ರ ಅಗಲವಾಗುತ್ತ ಹೋಗುತ್ತದೆ, ಆಮೇಲೆ ಯಾರ ಕೈಯಲ್ಲೂ ಇಲ್ಲ. ನೀಲಾಂಬಿಕೆ ಗಾಜಿನ ಲೋಟ ಹಿಡಿದು ಮತ್ತೆ ಮತ್ತೆ ನೀರು ತುಂಬಿ ಬಿಸಿಲಿಗೆ ಎತ್ತಿ ನೋಡುತ್ತಿದ್ದಳು. ಕೆಂಪು. ಮತ್ತೆ ಕೆಂಪು. ಜೊತೆಗಿದ್ದ ಕೆಲಸದವರು ಯಂತ್ರ ಬಿಟ್ಟು ಮೇಲಕ್ಕೆ ಸರಿದರು. ಹನುಮಕ್ಕನ ಬೆರಳುಗಳು ಕಲ್ಲನ್ನು ಬಿಗಿಯಾಗಿ ಹಿಡಿದಿದ್ದವು. ಕಾಲು ಓಡು ಎನ್ನುತ್ತಿತ್ತು. ಅವಳು ಏರಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಚಿತ್ತಯ್ಯ ಅವಳ ಕೈಯನ್ನು ಕಲ್ಲಿನಿಂದ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ.

ಹೊತ್ತು ಇಳಿಯುತ್ತ ಬಂದಾಗ ನೀರು ಕಾವಿಯಾಯಿತು. ಆಮೇಲೆ ಮಜ್ಜಿಗೆಯ ನೀರಿನಂತಾಯಿತು. ಸಂಜೆಯ ಬಿಸಿಲು ಗುಡ್ಡದ ನೆತ್ತಿಗೆ ಸರಿದ ಹೊತ್ತಿನಲ್ಲಿ ನೀಲಾಂಬಿಕೆ ಎತ್ತಿ ಹಿಡಿದ ಲೋಟದಾಚೆ ಅವಳ ಬೆರಳುಗಳು ಸ್ಪಷ್ಟವಾಗಿ ಕಂಡವು. ಅವಳು ಲೋಟವನ್ನು ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ನೀರು ಬೆರಳು ಗಾತ್ರದ ಧಾರೆಯಾಗಿ ಹೊರಟು ಹನುಮಕ್ಕನ ತೋಟಕ್ಕೆ ಇಳಿಯಿತು. ಆ ನೆಲ ಅದನ್ನು ಕುಡಿಯಲಿಲ್ಲ. ಮುಂದೆಯೂ ಕುಡಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನೀರು ಕಲ್ಲಾದ ನೆಲದ ಮೇಲೆ ಜಾರಿ, ತಡೆದಲ್ಲಿ ಗುಂಡಾಗಿ ನಿಂತು, ದಾರಿ ಹುಡುಕುತ್ತ ಕೆಳಗಿನವರ ತೋಟಗಳ ಕಡೆ ಹೊರಟಿತು. ಅಲ್ಲಿ ಇನ್ನೂ ಮಣ್ಣು ಮಣ್ಣಾಗಿಯೇ ಇತ್ತು. ಒಣಗಿ ಉದುರಿದ ಎಲೆಯ ರಾಶಿ ಅಡ್ಡವಾಗಿ ನೀರು ಪಕ್ಕಕ್ಕೆ ಹರಡತೊಡಗಿದಾಗ ಚಿತ್ತಯ್ಯ ಎದ್ದು ಹೋಗಿ ಕಾಲಿನಿಂದ ಎಲೆ ಸರಿಸಿದ. ಹನುಮಕ್ಕ ಒಂದು ಅಗಸೆಯ ಕೊಂಬೆ ಮುರಿದುಕೊಂಡು ಬಂದಳು. ಇಬ್ಬರೂ ನೀರಿನ ಮುಂದೆ ಮುಂದೆ ತಮ್ಮ ತೋಟದ ಎಲೆ ಗುಡಿಸುತ್ತ, ಅದಕ್ಕೆ ದಾರಿ ಬಿಡಿಸುತ್ತ, ಕೆಳಗಿನ ಬೇಲಿಯವರೆಗೆ ನಡೆದರು.